ಹೈಬ್ರಿಡ್: ಯಾವುದು ಹೌದು, ಯಾವುದು ಅಲ್ಲ

ರಾಯಚೂರು ಸೀಮೆಯ ಆಡುಮಾತಿನಲ್ಲಿ ‘ಹೈಬ್ರಿಡ್’ ಎಂಬುದು ‘ಜವಾರಿ’ಗೆ ಎದುರಾಗಿ ನಿಂತಿರುವ ಪದ. ಹುಳಿ ಹೆಚ್ಚಿದ್ದು ಎರಡು ದಿನಕ್ಕೆ ಮೆತ್ತಗಾಗುವ ಟೊಮೆಟೊ ಜವಾರಿ, ವಾರ ಕಳೆದರೂ ಗಟ್ಟಿಯಾಗಿರುವುದು ಹೈಬ್ರಿಡ್. ಎರಿ ಹೊಲದ ತೇವವನ್ನೇ ನಂಬಿ ಹಿಂಗಾರಿನಲ್ಲಿ ಬೆಳೆದ ಬಿಳಿಜೋಳ ಜವಾರಿ, ಮುಂಗಾರಿನ ಗಿಡ್ಡ ದಂಟಿನ ಜೋಳ ಹೈಬ್ರಿಡ್. ಅಂಗಡಿಯಿಂದ ಪಾಕೀಟಿನಲ್ಲಿ ಬಂದ ಬೀಜವಂತೂ, ಅದು ಯಾವ ಬೆಳೆಯದೇ ಆಗಿರಲಿ, ಹೈಬ್ರಿಡ್. ಹಿರಿಯರು ಇಂದಿನ ತಲೆಮಾರಿನ ಮೈಬಲವನ್ನು ಹಳಿಯುವಾಗಲೂ ಅವರನ್ನು ಹೈಬ್ರಿಡ್ ಉಂಡು ಬೆಳೆದ ಮಂದಿ ಎನ್ನುವುದುಂಟು. ಹೀಗೆ ಆಡುಮಾತಿನಲ್ಲಿ ಹೊಸತು, ಪೇಟೆಯದು, ಇಳುವರಿ ಹೆಚ್ಚಿದ್ದು, ರುಚಿ ಕಡಿಮೆಯಿದ್ದು ಎಂಬ ನಾಲ್ಕೂ ಅರ್ಥಗಳನ್ನು ಹೊತ್ತಿರುವ ಈ ಪದಕ್ಕೆ ತಳಿವಿಜ್ಞಾನದಲ್ಲಿ ಈ ನಾಲ್ಕರಲ್ಲಿ ಒಂದು ಅರ್ಥವೂ ಇಲ್ಲ. ಅಲ್ಲಿ ಅದರ ಅರ್ಥ ಬಹಳ ಇಕ್ಕಟ್ಟಾದುದು: ವಂಶಗುಣಗಳಲ್ಲಿ ಪರಸ್ಪರ ಬೇರೆಯಾದ ಎರಡು ತಂದೆ-ತಾಯಿ ಗಿಡಗಳನ್ನು ಅಥವಾ ಪ್ರಾಣಿಗಳನ್ನು ಕೂಡಿಸಿದಾಗ ಹುಟ್ಟುವ ಸಂತತಿ, ಬೇಸಾಯದ ಮಟ್ಟಿಗೆ ಹೇಳುವುದಾದರೆ ಆ ಸಂತತಿಯ ಮೊದಲ ಪೀಳಿಗೆ ಮಾತ್ರ.

ಪದದ ಅರ್ಥ ಸಡಿಲವಾದರೆ ಆಗುವ ನಷ್ಟವೇನು ಎಂದು ಕೇಳುವವರಿಗೆ ಈ ಜಿಲ್ಲೆಯ ಹೊಲಗದ್ದೆಗಳಲ್ಲೇ ಉತ್ತರವಿದೆ. ಹರಿದಾಸ ವಿಜಯದಾಸರ ಹುಟ್ಟೂರೆಂದು ಹೆಸರಾದ, ತುಂಗಭದ್ರೆಯ ದಂಡೆಯ ಚೀಕಲಪರ್ವಿಯಿಂದ ಮಾನ್ವಿ, ಸಿರವಾರಗಳ ಮೇಲೆ ಹಾದು ಕೃಷ್ಣೆಯ ಕಡೆಯ ದೇವದುರ್ಗದವರೆಗೆ ಹೋದರೆ, ಎರಡು ನದಿಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ಮುಖ್ಯವಾಗಿ ಎರಡು ಬಗೆಯ ಬೇಸಾಯ ಕಣ್ಣಿಗೆ ಬೀಳುತ್ತದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತ, ಮುಟ್ಟದ ಎರಿ ನೆಲದಲ್ಲಿ ಹತ್ತಿ, ತೊಗರಿ, ಜೋಳ. ಭತ್ತದ ಬೀಜವೂ ಹತ್ತಿಯ ಬೀಜವೂ ಒಂದೇ ಅಂಗಡಿಯ ಕಟ್ಟೆಯ ಮೇಲೆ, ಒಂದೇ ಹೆಸರಿನಲ್ಲಿ ಮಾರಾಟವಾದರೂ ಅವೆರಡರ ವಂಶದ ಲೆಕ್ಕ ಬೇರೆ ಬೇರೆ. ಒಂದರ ಕಾಳನ್ನು ಒಕ್ಕಲಿಗ ತನ್ನ ಕಣದಿಂದಲೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದು. ಇನ್ನೊಂದರ ಬೀಜವನ್ನು ಹಾಗೆ ಬಿತ್ತಿದರೆ ಬೆಳೆ ಕೈಕೊಡುತ್ತದೆ.

ಪದದ ಮೂಲ ಲ್ಯಾಟಿನ್. ಸಾಕಿದ ಹೆಣ್ಣುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಯನ್ನು ಪ್ರಾಚೀನ ರೋಮನರು ‘ಹಿಬ್ರಿಡ’ ಎಂದು ಕರೆಯುತ್ತಿದ್ದರೆಂದು ಕ್ರಿಸ್ತಶಕ ಮೊದಲ ಶತಮಾನದ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ ಗ್ರಂಥದಲ್ಲಿ ಬರೆದಿದ್ದಾನೆ. ಅದೇ ಪದವನ್ನು ರೋಮನ್ ತಂದೆಗೂ ಪರದೇಶದ ತಾಯಿಗೂ, ಅಥವಾ ಸ್ವತಂತ್ರ ಪ್ರಜೆಗೂ ದಾಸಿಗೂ ಹುಟ್ಟಿದ ಮಗುವಿಗೂ ಅನ್ವಯಿಸುತ್ತಿದ್ದರು. ಸಿಸೆರೊ ಕಾನ್ಸಲ್ ಆಗಿದ್ದ ಕ್ರಿಸ್ತಪೂರ್ವ 63ರಲ್ಲಿ ಅವನ ಜೊತೆಗೆ ಅದೇ ಹುದ್ದೆಯಲ್ಲಿದ್ದ ಗಾಯಸ್ ಆಂಟೋನಿಯಸ್‌ಗೆ ‘ಹಿಬ್ರಿಡ’ ಎಂಬ ಅಡ್ಡಹೆಸರೇ ಅಂಟಿಕೊಂಡಿತ್ತು. ಪದದ ಧಾತು ಯಾವುದೆಂಬುದರಲ್ಲಿ ಭಾಷಾವಿದ್ವಾಂಸರಿಗೆ ಒಮ್ಮತವಿಲ್ಲವಾದರೂ, ಮೇರೆ ಮೀರಿದ ಸೊಕ್ಕು ಎಂಬರ್ಥದ ಗ್ರೀಕ್ ಪದವೊಂದರ ನೆರಳು ಬಿದ್ದು ಅದರ ಕಾಗುಣಿತ ಬದಲಾಯಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಬೆರಕೆ ಎಂದರೆ ಮೇರೆ ಮೀರುವುದು, ಮೇರೆ ಮೀರುವುದು ಎಂದರೆ ತಪ್ಪು ಎಂಬ ಭಾವನೆ ಹೀಗೆ ಪದದ ಅಕ್ಷರಗಳಲ್ಲೇ ಸೇರಿಕೊಂಡಿತು.

ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಸಂಕರ’ದ ಕಥೆಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಯುದ್ಧದ ಫಲವೆಂದು ಹೆದರುವುದು ವರ್ಣಸಂಕರಕ್ಕೆ, ಧರ್ಮಶಾಸ್ತ್ರಗಳು ಸಂಕರಜಾತಿಗಳ ದೀರ್ಘ ಪಟ್ಟಿಗಳನ್ನು ಮಾಡಿಟ್ಟದ್ದು ಯಾರನ್ನು ಎಲ್ಲಿ ಕೂರಿಸಬೇಕೆಂಬುದನ್ನು ಗೊತ್ತುಮಾಡುವುದಕ್ಕೆ. ‘ಸಂಕರ ತಳಿ’ ಎಂಬ ಪಾರಿಭಾಷಿಕ ಪದವನ್ನು ಕೃಷಿ ಇಲಾಖೆಯ ಕರಪತ್ರಗಳಲ್ಲಿ ಓದುವಾಗ ಈ ಹಳೆಯ ಹೊರೆ ಯಾರ ನೆನಪಿಗೂ ಬರುವುದಿಲ್ಲವೆಂಬುದು ಸಮಾಧಾನದ ಸಂಗತಿ. ಆದರೂ ಆಡುಮಾತಿನ ‘ಹೈಬ್ರಿಡ್’ನಲ್ಲಿ ಉಳಿದಿರುವ ತಾತ್ಸಾರದ ದನಿಯಲ್ಲಿ, ಬೆರಕೆಯಾದದ್ದೆಲ್ಲ ಕೀಳು ಎಂಬ ಆ ಹಳೆಯ ತೀರ್ಪಿನ ಪಾಲು ಸ್ವಲ್ಪವಾದರೂ ಇರಬಹುದು.

ನಿಂದೆಯ ಪದ ವಿಜ್ಞಾನದ ಪದವಾದದ್ದು ತೋಟಗಾರರಿಂದ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಥಾಮಸ್ ಫೇರ್‌ಚೈಲ್ಡ್ ಎಂಬ ತೋಟಗಾರ ಎರಡು ಬಗೆಯ ಹೂಗಿಡಗಳನ್ನು ಕೂಡಿಸಿ ಪಡೆದ ಸಸಿಯನ್ನು ಜನ ‘ಫೇರ್‌ಚೈಲ್ಡನ ಹೇಸರಗತ್ತೆ’ ಎಂದು ಕರೆದರು, ಏಕೆಂದರೆ ಕತ್ತೆಗೂ ಕುದುರೆಗೂ ಹುಟ್ಟಿದ ಹೇಸರಗತ್ತೆಯಂತೆ ಅದಕ್ಕೂ ಸಂತಾನವಾಗಲಿಲ್ಲ. 1760ರಲ್ಲಿ ಜರ್ಮನಿಯ ಜೋಸೆಫ್ ಕೋಲ್ರೂಟರ್ ಎರಡು ಜಾತಿಯ ತಂಬಾಕಿನ ಗಿಡಗಳನ್ನು ಕೂಡಿಸಿ ಕ್ರಮಬದ್ಧ ಪ್ರಯೋಗಗಳನ್ನು ಆರಂಭಿಸಿದನು. ಬೆರಕೆಯ ಗಿಡಗಳಲ್ಲಿ ಕೆಲವು ತಂದೆ-ತಾಯಿ ಎರಡನ್ನೂ ಮೀರಿ ಹುಲುಸಾಗಿ ಬೆಳೆಯುತ್ತವೆಂಬುದನ್ನು ಗಮನಿಸಿ ಬರೆದಿಟ್ಟವರಲ್ಲಿ ಅವನು ಮೊದಲಿಗ. ಮುಂದೆ ಬ್ರೂನ್ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದ ಗ್ರೆಗರ್ ಮೆಂಡೆಲ್ 1865ರಲ್ಲಿ ಓದಿ 1866ರಲ್ಲಿ ಅಚ್ಚುಮಾಡಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ‘ಸಸ್ಯ ಹೈಬ್ರಿಡ್’ಗಳೆಂಬ ಮಾತಿದೆ. ಇಂದು ತಳಿವಿಜ್ಞಾನದ ಮೂಲಗ್ರಂಥವೆಂದು ಕೊಂಡಾಡಲಾಗುವ ಆ ಪ್ರಬಂಧ, ಅದನ್ನು ಬರೆದವನ ದೃಷ್ಟಿಯಲ್ಲಿ ಕೇವಲ ಹೈಬ್ರಿಡ್‌ಗಳನ್ನು ಕುರಿತದ್ದಾಗಿತ್ತು.

ಮೆಂಡೆಲ್ ಕಂಡುಕೊಂಡದ್ದನ್ನು ವಿವರಿಸಲು ಭಾರತೀಯ ಅಲಂಕಾರಶಾಸ್ತ್ರದಲ್ಲಿ ಬಹಳ ಅನುಕೂಲವಾದ ಒಂದು ಭೇದವಿದೆ. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಹಾಲು-ನೀರಿನಂತೆ ಬಿಡಿಸಲಾಗದಂತೆ ಬೆರೆತರೆ ಅದನ್ನು ‘ಸಂಕರ’ವೆಂದೂ, ಎಳ್ಳು-ಅಕ್ಕಿಯಂತೆ ಕಲೆತರೂ ಬೇರೆ ಬೇರೆಯಾಗಿಯೇ ಕಾಣಿಸಿದರೆ ಅದನ್ನು ‘ಸಂಸೃಷ್ಟಿ’ಯೆಂದೂ ಲಾಕ್ಷಣಿಕರು ಕರೆದಿದ್ದಾರೆ. ಮೆಂಡೆಲ್‌ಗಿಂತ ಹಿಂದಿನವರು, ಅವನ ಸಮಕಾಲೀನ ಡಾರ್ವಿನ್ನನೂ ಸೇರಿದಂತೆ, ವಂಶಗುಣಗಳು ಬಹುಮಟ್ಟಿಗೆ ಹಾಲು-ನೀರಿನಂತೆ ಬೆರೆಯುತ್ತವೆಂದು ಭಾವಿಸಿದ್ದರು. ಮೆಂಡೆಲ್ ಗುಂಡು ಬಟಾಣಿಯನ್ನೂ ಸುಕ್ಕು ಬಟಾಣಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳೆಲ್ಲ ಗುಂಡಾಗಿದ್ದವು, ಸುಕ್ಕಿನ ಸುಳಿವೇ ಇರಲಿಲ್ಲ. ಆದರೆ ಆ ಗುಂಡು ಕಾಳುಗಳಿಂದ ಬೆಳೆದ ಗಿಡಗಳು ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಂಡು ಕೊಟ್ಟ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು ಕಾಳುಗಳ ಜೊತೆಗೆ 1,850 ಸುಕ್ಕು ಕಾಳುಗಳು, ಅಂದರೆ ಸುಮಾರಾಗಿ ಮೂರಕ್ಕೆ ಒಂದರಂತೆ, ಹೊರಬಿದ್ದವು. ಕಾಣೆಯಾಗಿದ್ದ ಸುಕ್ಕು ಅಳಿದಿರಲಿಲ್ಲ, ಗುಂಡಿನ ಮರೆಯಲ್ಲಿ ಎಳ್ಳುಕಾಳಿನಂತೆ ಇಡಿಯಾಗಿಯೇ ಉಳಿದಿತ್ತು. ಆ ಕಾರಣಕ್ಕೆ ಲಾಕ್ಷಣಿಕರ ಪರಿಭಾಷೆಯಲ್ಲಿ ನೋಡಿದರೆ ‘ಸಂಕರ ತಳಿ’ ಎಂಬುದು ವಿಜ್ಞಾನಕ್ಕೆ ಸರಿಹೊಂದದ ಹೆಸರು, ‘ಸಂಸೃಷ್ಟಿ ತಳಿ’ ಎಂದಿರಬೇಕಿತ್ತು. ಆದರೆ ಪದಗಳು ಒಮ್ಮೆ ಚಲಾವಣೆಗೆ ಬಂದ ಮೇಲೆ ಅವುಗಳನ್ನು ತಿದ್ದುವ ಪ್ರಯತ್ನ ಹೆಚ್ಚಾಗಿ ಗೆಲ್ಲುವುದಿಲ್ಲ.

ಈ ಎಳ್ಳುಕಾಳಿನ ಹೆಸರೇ ಜೀನ್, ಕನ್ನಡದಲ್ಲಿ ವಂಶವಾಹಿ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1909ರಲ್ಲಿ ಈ ಪದವನ್ನು ಬಳಕೆಗೆ ತಂದನು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1905ರಲ್ಲಿ, ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಒಂದು ಪತ್ರದಲ್ಲಿ ಇಡೀ ಶಾಸ್ತ್ರಕ್ಕೆ ‘ಜೆನೆಟಿಕ್ಸ್’ ಎಂಬ ಹೆಸರನ್ನು ಸೂಚಿಸಿದ್ದನು. ತರಕಾರಿ ಬೀಜದ ಪಾಕೀಟುಗಳ ಮೇಲೆ ಇಂದು ರೈತರು ಕಾಣುವ ‘ಎಫ್1’ ಎಂಬ ಗುರುತನ್ನು ರೂಢಿಗೆ ತಂದವನೂ ಬೇಟ್ಸನ್ನೇ. ಮಕ್ಕಳು ಎಂಬರ್ಥದ ಲ್ಯಾಟಿನ್ ಮಾತಿನ ಮೊದಲ ಅಕ್ಷರ ‘ಎಫ್’, ಮೊದಲ ಪೀಳಿಗೆ ‘1’. ಅದರ ಬೀಜದಿಂದ ಬಂದದ್ದು ‘ಎಫ್2’. ಮೆಣಸಿನಕಾಯಿ, ಟೊಮೆಟೊ, ಕಲ್ಲಂಗಡಿ ಪಾಕೀಟುಗಳ ಮೂಲೆಯಲ್ಲಿರುವ ಈ ಎರಡಕ್ಷರದ ಗುರುತಿನಷ್ಟು ಸ್ಪಷ್ಟವಾಗಿ ಹೈಬ್ರಿಡ್ ಎಂಬುದರ ಶಾಸ್ತ್ರೀಯ ಅರ್ಥವನ್ನು ಹೇಳುವ ಮಾತು ಇನ್ನೊಂದಿಲ್ಲ.

ಮೊದಲ ಪೀಳಿಗೆಗೆ ಇಷ್ಟು ಮಹತ್ವ ಬಂದದ್ದು ಅದರ ಕಸುವಿನಿಂದ. ಅಮೆರಿಕದ ಜಾರ್ಜ್ ಹ್ಯಾರಿಸನ್ ಶಲ್ 1908ರಲ್ಲಿ ಮೆಕ್ಕೆಜೋಳದ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಪರಕೀಯ ಪರಾಗವನ್ನು ಬಯಸುವ ಮೆಕ್ಕೆಜೋಳವನ್ನು ಬಲವಂತವಾಗಿ ಸ್ವಕೀಯ ಪರಾಗಸ್ಪರ್ಶಕ್ಕೆ ಒಳಪಡಿಸುತ್ತ ಹೋದರೆ ಪೀಳಿಗೆಯಿಂದ ಪೀಳಿಗೆಗೆ ಗಿಡ ಸೊರಗುತ್ತದೆ, ಆದರೆ ಹಾಗೆ ಸೊರಗಿದ ಎರಡು ಬೇರೆ ಬೇರೆ ಶುದ್ಧ ವಂಶಗಳನ್ನು ಕೂಡಿಸಿದರೆ ಮರುಪೀಳಿಗೆಯಲ್ಲೇ ಕಳೆದುಹೋದ ಕಸುವು ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿದ್ದದ್ದಕ್ಕಿಂತ ಹೆಚ್ಚಾಗಿ. ಈ ಕಸುವಿಗೆ 1914ರಲ್ಲಿ ಅವನು ಕೊಟ್ಟ ಹೆಸರು ‘ಹೆಟರೋಸಿಸ್’. ಕನ್ನಡದ ಕೃಷಿ ಬರಹಗಳಲ್ಲಿ ಇದನ್ನು ‘ಸಂಕರ ಓಜಸ್ಸು’ ಎನ್ನುತ್ತಾರೆ. ಪ್ರತಿ ಶುದ್ಧ ವಂಶದಲ್ಲೂ ಕೆಲವು ದುರ್ಬಲ ವಂಶವಾಹಿಗಳು ಜೋಡಿಯಾಗಿ ಕುಳಿತಿರುತ್ತವೆ, ಬೇರೆ ವಂಶದೊಡನೆ ಕೂಡಿದಾಗ ಅಲ್ಲಿಂದ ಬಂದ ಸಬಲ ವಂಶವಾಹಿ ಅವುಗಳ ದೋಷವನ್ನು ಮುಚ್ಚುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಎರಡು ಭಿನ್ನ ರೂಪಗಳು ಒಂದೇ ಗಿಡದಲ್ಲಿ ಜೊತೆಯಾಗಿರುವುದೇ ಲಾಭದಾಯಕವೆಂಬುದು ಇನ್ನೊಂದು. ನೂರು ವರ್ಷ ಕಳೆದರೂ ಈ ಚರ್ಚೆ ಮುಗಿದಿಲ್ಲ, ಮುಗಿಯುವವರೆಗೆ ಬೀಜದ ವ್ಯಾಪಾರವೂ ಕಾಯಲಿಲ್ಲ.

ಕರ್ನಾಟಕದಲ್ಲಿ ಈ ಶಾಸ್ತ್ರದ ಹೆಮ್ಮೆಯ ಫಲ ಹತ್ತಿಯಲ್ಲಿ ಕಾಣಿಸಿಕೊಂಡಿತು. ಗುಜರಾತಿನ ಸೂರತ್‌ನಲ್ಲಿ ಸಿ. ಟಿ. ಪಟೇಲರು 1970ರಲ್ಲಿ ‘ಎಚ್-4’ ಎಂಬ ಹೈಬ್ರಿಡ್ ಹತ್ತಿಯನ್ನು ಬಿಡುಗಡೆ ಮಾಡಿದರು. ವಾಣಿಜ್ಯ ಪ್ರಮಾಣದಲ್ಲಿ ಬೆಳೆದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು, ಆದರೆ ಅದರ ತಂದೆ-ತಾಯಿ ಎರಡೂ ಅಮೆರಿಕನ್ ಹತ್ತಿಯ ಜಾತಿಗೇ ಸೇರಿದವು. ಎರಡು ವರ್ಷಗಳ ತರುವಾಯ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ರೂಪಿಸಿದ ‘ವರಲಕ್ಷ್ಮಿ’ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ತಾಯಿ ಈ ಭಾಗದ ರೈತರಿಗೆ ಪರಿಚಿತವಾಗಿದ್ದ ‘ಲಕ್ಷ್ಮಿ’ ಎಂಬ ಅಮೆರಿಕನ್ ಹತ್ತಿ, ತಂದೆ ಈಜಿಪ್ಟಿನ ಹತ್ತಿಯ ಜಾತಿಗೆ ಸೇರಿದ, ನೀಳವಾದ ನಯವಾದ ಎಳೆಯ ‘ಎಸ್‌ಬಿ 289ಇ’. ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಯಾಗಿಸಿದ ಮೊದಲ ಹತ್ತಿ ಇದು. ಮಗಳ ಹೆಸರಿನಲ್ಲಿ ತಾಯಿಯ ಹೆಸರನ್ನು ಉಳಿಸಿದ್ದು ನಾಮಕರಣ ಮಾಡಿದವರ ಸೊಗಸು. ತಾಯಿಯಿಂದ ಇಳುವರಿಯ ಗುಣ, ತಂದೆಯಿಂದ ನೀಳ ಎಳೆಯ ಗುಣ ಒಂದೇ ಗಿಡದಲ್ಲಿ ಸೇರಿದ್ದರಿಂದ, ಸಣ್ಣ ನೂಲಿಗೆ ವಿದೇಶದ ಹತ್ತಿಯನ್ನೇ ಕಾಯುತ್ತಿದ್ದ ಗಿರಣಿಗಳಿಗೆ ಅಂಥ ಅರಳೆ ದೇಶದಲ್ಲೇ ಸಿಗುವಂತಾಯಿತು. 1981ರಲ್ಲಿ ಬಂದ ‘ಡಿಸಿಎಚ್-32’ ಇದೇ ಮಾದರಿಯ ಇನ್ನೊಂದು ಹೈಬ್ರಿಡ್. ಅದರ ಅಧಿಕೃತ ಹೆಸರು ‘ಜಯಲಕ್ಷ್ಮಿ’ಯಾದರೂ ರೈತರ ಬಾಯಲ್ಲಿ ಅದು ಇಂದಿಗೂ ಡಿಸಿಎಚ್ ಹತ್ತಿಯೇ.

ಈ ಕೂಡಿಕೆ ಸಾಧ್ಯವಾದದ್ದು ವರ್ಣತಂತುಗಳ ಲೆಕ್ಕ ಹೊಂದಿದ್ದರಿಂದ. ವಂಶವಾಹಿಗಳನ್ನು ಹೊತ್ತ, ಜೀವಕೋಶದ ಕೇಂದ್ರದಲ್ಲಿರುವ ಎಳೆಗಳೇ ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು. ಎರಿ ನೆಲದಲ್ಲಿ ತಲೆತಲಾಂತರದಿಂದ ಬೆಳೆದುಬಂದ ದೇಸಿ ಹತ್ತಿಯ ಎರಡೂ ಜಾತಿಗಳಲ್ಲಿ 26 ವರ್ಣತಂತುಗಳಿದ್ದರೆ, ಅಮೆರಿಕನ್ ಮತ್ತು ಈಜಿಪ್ಟಿನ ಹತ್ತಿಗಳಲ್ಲಿ 52 ಇರುತ್ತವೆ. ತಾಯಿ ತಂದೆಗಳು ತಮ್ಮ ವರ್ಣತಂತುಗಳಲ್ಲಿ ಅರ್ಧವನ್ನು ಮಾತ್ರ ಮಗುವಿಗೆ ಕೊಡುವುದರಿಂದ 52ರ ಎರಡು ಜಾತಿಗಳನ್ನು ಕೂಡಿಸಿದರೆ 26 ಮತ್ತು 26 ಸೇರಿ ಮತ್ತೆ 52 ಆಗುತ್ತದೆ, ಗಿಡ ಕಾಯಿ ಕಟ್ಟುತ್ತದೆ. ದೇಸಿ ಹತ್ತಿಯನ್ನು ಅಮೆರಿಕನ್ ಹತ್ತಿಯೊಡನೆ ಕೂಡಿಸಿದರೆ 13 ಮತ್ತು 26 ಸೇರಿ 39 ಆಗಿ, ಜೋಡಿ ಸಿಗದ ವರ್ಣತಂತುಗಳಿಂದಾಗಿ ಗಿಡ ಬಂಜೆಯಾಗುತ್ತದೆ. ಇಲ್ಲಿ ಒಂದು ಸ್ವಾರಸ್ಯವೂ ಇದೆ. ಅಮೆರಿಕನ್ ಹತ್ತಿಯ ಆ 52ರಲ್ಲಿ ಅರ್ಧ ಏಷ್ಯಾ-ಆಫ್ರಿಕಾ ಖಂಡಗಳ ಹತ್ತಿಯ ಬಂಧುವಿನಿಂದಲೂ ಇನ್ನರ್ಧ ಅಮೆರಿಕದ ಕಾಡುಹತ್ತಿಯಿಂದಲೂ ಬಂದವು. ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಯಾವ ಮನುಷ್ಯನ ಕೈವಾಡವೂ ಇಲ್ಲದೆ ಎರಡು ಜಾತಿಗಳು ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ ಆ ಜಾತಿಯೇ ಹುಟ್ಟಿತು. ಬೆರಕೆಯನ್ನು ಪ್ರಕೃತಿವಿರುದ್ಧವೆಂದು ಹಳಿಯುವವರು ತಾವು ಉಟ್ಟ ಅರಿವೆಯನ್ನೊಮ್ಮೆ ನೋಡಿಕೊಳ್ಳಬೇಕಾದೀತು.

ಹೈಬ್ರಿಡ್ ಬೀಜ ತಯಾರಾಗುವ ಬಗೆಯನ್ನು ನೋಡಿದರೆ ಅದರ ಬೆಲೆಗೆ ಕಾರಣ ತಿಳಿಯುತ್ತದೆ. ಹತ್ತಿಯ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಭಾಗಗಳಿದ್ದು, ಹೆಣ್ಣು ಭಾಗದ ಸುತ್ತ ಗಂಡು ಕೇಸರಗಳು ಕೊಳವೆಯಂತೆ ಕವಿದಿರುತ್ತವೆ. ಹಾಗೆಯೇ ಬಿಟ್ಟರೆ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಾಗುತ್ತದೆ. ಆದ್ದರಿಂದ ಬೀಜೋತ್ಪಾದನೆಯ ಹೊಲಗಳಲ್ಲಿ ಮರುದಿನ ಅರಳಲಿರುವ ಹೆಣ್ಣು ಗಿಡದ ಮೊಗ್ಗನ್ನು ಸಂಜೆಗೆ ಮುಂಚಿತವಾಗಿ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಎಸಳುಗಳ ಬುಡವನ್ನು ಸೀಳಿ, ಕೇಸರದ ಕೊಳವೆಯನ್ನು ಎಸಳಿನ ಸಮೇತ ಕಳಚಿ, ನಡುವಿನ ಎಳೆಯ ಹೆಣ್ಣು ಭಾಗಕ್ಕೆ ಪೆಟ್ಟಾಗದಂತೆ ಉಳಿಸಿ, ಬಣ್ಣದ ಕಾಗದ ಮುಚ್ಚಿ ಗುರುತು ಮಾಡುತ್ತಾರೆ. ಮಾರನೆಯ ಬೆಳಿಗ್ಗೆ ಗಂಡು ಗಿಡದ ಅರಳಿದ ಹೂವನ್ನು ತಂದು ಅದರ ಪರಾಗವನ್ನು ಅದಕ್ಕೆ ಸವರುತ್ತಾರೆ. ಹೊಲಗಳಲ್ಲಿ ಇದಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಒಂದು ಹೂವಿಗೆ ಸಿಗುವುದು ಮೂವತ್ತರ ಆಸುಪಾಸಿನಷ್ಟು ಬೀಜ. 450 ಗ್ರಾಮಿನ ಒಂದು ಪಾಕೀಟಿನ ಹಿಂದೆ ಹೀಗೆ ಬೆರಳಿನಿಂದ ಕೂಡಿಸಿದ ನೂರಕ್ಕೂ ಮಿಕ್ಕ ಹೂಗಳಿರುತ್ತವೆ. ತಿಂಗಳುಗಟ್ಟಲೆ ದಿನವೂ ನಡೆಯುವ ಈ ಕೆಲಸವನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ರಾಯಚೂರಿಗೆ ಹೊಂದಿದ ತೆಲಂಗಾಣದ ಗದ್ವಾಲ ಹತ್ತಿಬೀಜಕ್ಕೆ ಹೆಸರುವಾಸಿಯಾದಂತೆಯೇ ಶಾಲೆ ಬಿಟ್ಟ ಹುಡುಗಿಯರ ದುಡಿಮೆಗೂ ಕುಖ್ಯಾತವಾಯಿತೆಂಬುದನ್ನು ಹೇಳದೆ ಹೈಬ್ರಿಡ್ ಹತ್ತಿಯ ಚರಿತ್ರೆಯನ್ನು ಬರೆಯುವುದು ಅರ್ಧಸತ್ಯವಾದೀತು.

ಜೋಳ, ಸಜ್ಜೆಗಳ ಹೂವು ಅತಿ ಚಿಕ್ಕದಾದ್ದರಿಂದ ಈ ಕೈಕೆಲಸ ಅಲ್ಲಿ ಆಗದು. ಅಲ್ಲಿ ಪರಾಗವೇ ಫಲಿಸದ, ಹುಟ್ಟಾ ಗಂಡುಬಂಜೆಯಾದ ವಂಶವನ್ನು ತಾಯಿಯಾಗಿ ಆರಿಸುತ್ತಾರೆ. 1964ರ ‘ಸಿಎಸ್‌ಎಚ್-1’ ಜೋಳವೂ 1965ರ ‘ಎಚ್‌ಬಿ-1’ ಸಜ್ಜೆಯೂ ಅಮೆರಿಕದಿಂದ ತಂದ ಇಂಥ ತಾಯಿವಂಶಗಳಿಂದ ಹುಟ್ಟಿದವು. ಸಜ್ಜೆಯ ಹಲವು ಹೈಬ್ರಿಡ್‌ಗಳಿಗೆ ಒಂದೇ ತಾಯಿಯಿದ್ದುದರಿಂದ 1970ರ ದಶಕದಲ್ಲಿ ಕೇದಿಗೆ ರೋಗ ಎಲ್ಲವನ್ನೂ ಒಟ್ಟಿಗೇ ಹಿಡಿಯಿತು. ಮಳೆಗಾಲದಲ್ಲೇ ತೆನೆ ಮಾಗುವ ಹೈಬ್ರಿಡ್ ಜೋಳದ ಕಾಳು ಮಳೆಗೆ ಸಿಕ್ಕು ಕಪ್ಪಾಗುತ್ತಿದ್ದು, ಬಿಳಿಜೋಳದ ರೊಟ್ಟಿಗೆ ಒಗ್ಗಿದ ನಾಲಿಗೆಗೆ ಅದು ಹಿಡಿಸಲಿಲ್ಲ. ಹೈಬ್ರಿಡ್ ಎಂದರೆ ರುಚಿಗೇಡು ಎಂಬ ಅಭಿಪ್ರಾಯ ಉತ್ತರ ಕರ್ನಾಟಕದಲ್ಲಿ ಬೇರೂರಿದ್ದರಲ್ಲಿ ಈ ರೊಟ್ಟಿಯ ಪಾತ್ರ ದೊಡ್ಡದೆನ್ನಬೇಕು.

ಇಷ್ಟು ತಿಳಿದ ಮೇಲೆ ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಆಗುವುದೇನೆಂಬುದು ಸುಲಭವಾಗಿ ಅರ್ಥವಾಗುತ್ತದೆ. ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ತಂದೆ-ತಾಯಿಯ ಒಂದೇ ಬಗೆಯ ಕೂಡಿಕೆಯಿಂದ ಬಂದಿರುವುದರಿಂದ ಎತ್ತರ, ಹೂ ಬಿಡುವ ಕಾಲ, ಎಳೆಯ ಉದ್ದ ಎಲ್ಲದರಲ್ಲೂ ಏಕಪ್ರಕಾರವಾಗಿರುತ್ತವೆ. ಎರಡನೆಯ ಪೀಳಿಗೆಯಲ್ಲಿ ಮೆಂಡೆಲ್‌ನ ಸುಕ್ಕು ಕಾಳಿನಂತೆ ಮರೆಯಲ್ಲಿದ್ದುದೆಲ್ಲ ಹೊರಬರುತ್ತದೆ: ಭಿನ್ನ ರೂಪದ ವಂಶವಾಹಿಗಳು ಜೊತೆಯಾಗಿದ್ದ ಸ್ಥಾನಗಳು ಸ್ವಕೀಯ ಪರಾಗಸ್ಪರ್ಶದ ಪ್ರತಿ ಪೀಳಿಗೆಗೂ ಅರ್ಧಕ್ಕೆ ಇಳಿಯುತ್ತ ಎರಡನೆಯ ಪೀಳಿಗೆಯಲ್ಲಿ ಶೇ 50, ಮೂರನೆಯದರಲ್ಲಿ ಶೇ 25 ಮಾತ್ರ ಉಳಿಯುತ್ತವೆ, ಕಸುವೂ ಅದರೊಡನೆ ಇಳಿಯುತ್ತದೆ. ವರಲಕ್ಷ್ಮಿಯಂಥ ಅಂತರಜಾತಿ ಹೈಬ್ರಿಡ್‌ನಲ್ಲಿ ಈ ಚದುರುವಿಕೆ ಇನ್ನೂ ತೀವ್ರ. ಒಂದೇ ಹೊಲದಲ್ಲಿ ತಾಯಿಯನ್ನು ಹೋಲುವ ಗಿಡ, ತಂದೆಯನ್ನು ಹೋಲುವ ಗಿಡ, ಎರಡನ್ನೂ ಹೋಲದ ಗಿಡಗಳೆಲ್ಲ ಎದ್ದು, ಗಿಡ್ಡ ಎಳೆಯೂ ಉದ್ದ ಎಳೆಯೂ ಒಂದೇ ಅಂಡಿಗೆಗೆ ಸೇರಿದ ಅರಳೆಗೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ. ಹೈಬ್ರಿಡ್ ಬೀಜ ಮೊಳೆಯುವುದೇ ಇಲ್ಲವೆಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ, ಅದು ನಿಜವಲ್ಲ. ಮೊಳೆಯುತ್ತದೆ, ಬೆಳೆಯುತ್ತದೆ, ಆದರೆ ಕೊಂಡ ಬೀಜದಂತೆ ಬೆಳೆಯುವುದಿಲ್ಲ.

ಮೊಳೆಯದ ಬೀಜದ ಭಯಕ್ಕೆ ಈ ಜಿಲ್ಲೆಯಲ್ಲಿ ಒಂದು ಚರಿತ್ರೆಯಿದೆ. ಎರಡನೆಯ ಪೀಳಿಗೆಯ ಬೀಜ ಮೊಳೆಯದಂತೆ ಮಾಡುವ, ‘ಟರ್ಮಿನೇಟರ್’ ಎಂಬ ಅಡ್ಡಹೆಸರು ಪಡೆದ ತಂತ್ರಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಭಾರತದಲ್ಲಿ ಬಿಟಿ ಹತ್ತಿಯ ಕ್ಷೇತ್ರ ಪರೀಕ್ಷೆಗಳು ನಡೆಯುತ್ತಿದ್ದವು. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘ ನವೆಂಬರ್‌ನಲ್ಲಿ ಸಿಂಧನೂರು ಸೀಮೆಯ ಹೊಲವೊಂದರಲ್ಲಿ ಪರೀಕ್ಷೆಯ ಹತ್ತಿಗಿಡಗಳನ್ನು ಕಿತ್ತು ಸುಟ್ಟ ಸುದ್ದಿ ಜಗತ್ತಿನಾದ್ಯಂತ ಹರಡಿತು. ಬೀಜದ ಮೇಲೆ ಪರದೇಶದ ಕಂಪನಿಗಳ ಹಿಡಿತ ಬಿಗಿಯಾಗುತ್ತದೆಂಬ ಸಂಘದ ಆತಂಕ ಮುಂದಿನ ವರ್ಷಗಳಲ್ಲಿ ಹುಸಿಯಾಗಲಿಲ್ಲ. ಆದರೆ ಹೊಲದಲ್ಲಿದ್ದುದು ಬಿಟಿ, ಜನರ ಬಾಯಲ್ಲಿದ್ದುದು ಟರ್ಮಿನೇಟರ್, ಪಾಕೀಟಿನಲ್ಲಿ ಮುಂದೆ ಬಂದದ್ದು ಹೈಬ್ರಿಡ್, ಈ ಮೂರೂ ಒಂದೇ ಎಂಬ ಕಲಸುಮೇಲೋಗರ ಅಂದಿನಿಂದ ಉಳಿದುಬಂದಿತು. ಟರ್ಮಿನೇಟರ್ ತಂತ್ರದ ಬೀಜ ಜಗತ್ತಿನ ಯಾವ ಮಾರುಕಟ್ಟೆಗೂ ಬರಲಿಲ್ಲ.

ಬಿಟಿ ಎಂಬುದು ಬೇರೆಯೇ ಸಂಗತಿ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಹತ್ತಿಯ ವರ್ಣತಂತುವಿಗೆ ಸೇರಿಸಿ, ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡುವುದು ಅದರ ಕ್ರಮ. ಇಲ್ಲಿ ಹೂವಿಗೆ ಹೂವು ಕೂಡುವ ಮಾತಿಲ್ಲ, ಆದ್ದರಿಂದ ಬಿಟಿಯಾದದ್ದೆಲ್ಲ ಹೈಬ್ರಿಡ್ ಆಗಬೇಕಿಲ್ಲ, ಹೈಬ್ರಿಡ್ ಆದದ್ದೆಲ್ಲ ಬಿಟಿಯೂ ಅಲ್ಲ. ವರಲಕ್ಷ್ಮಿ ಹೈಬ್ರಿಡ್, ಬಿಟಿ ಅಲ್ಲ. ಹೊರದೇಶಗಳಲ್ಲಿ ಬಿಟಿ ಗುಣವನ್ನು ಹೆಚ್ಚಾಗಿ ಸಾಮಾನ್ಯ ತಳಿಗಳಲ್ಲೇ ಕೊಟ್ಟರೆ, ಭಾರತದಲ್ಲಿ 2002ರ ಮಾರ್ಚ್‌ನಲ್ಲಿ ಅನುಮತಿ ಪಡೆದ ಮೊದಲ ಮೂರು ಬಿಟಿ ಹತ್ತಿಗಳೂ ಹೈಬ್ರಿಡ್‌ಗಳೇ ಆಗಿದ್ದವು, ಆಮೇಲೆ ಬಂದವುಗಳಲ್ಲೂ ಹೆಚ್ಚಿನವು ಹಾಗೆಯೇ. ಇದರ ಕಾರಣ ಜೀವಶಾಸ್ತ್ರದಲ್ಲಿಲ್ಲ, ವ್ಯಾಪಾರದಲ್ಲಿದೆ: ಹೈಬ್ರಿಡ್‌ನಲ್ಲಿ ಇಟ್ಟು ಮಾರಿದ ಗುಣವನ್ನು ರೈತ ಪ್ರತಿ ವರ್ಷವೂ ಕೊಳ್ಳಲೇಬೇಕಾಗುತ್ತದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿ ರೂಪಿಸಿದ ‘ಬಿಕಾನೇರಿ ನರ್ಮ’ ಎಂಬ, ಬೀಜ ಎತ್ತಿಡಬಹುದಾದ ಬಿಟಿ ತಳಿಗೆ 2008ರಲ್ಲಿ ಅನುಮತಿ ಸಿಕ್ಕಿತಾದರೂ, ಅದರಲ್ಲಿ ಮಾನ್ಸಾಂಟೊ ಕಂಪನಿಯ ವಂಶವಾಹಿಯೇ ಇದೆಯೆಂಬ ವಿವಾದವೆದ್ದು ಅದು ಹೊಲಗಳಲ್ಲಿ ನೆಲೆಗೊಳ್ಳಲಿಲ್ಲ. ತಂದೆ-ತಾಯಿಗಳಲ್ಲಿ ಒಂದರಲ್ಲಿ ಮಾತ್ರ ಬಿಟಿ ಗುಣವಿರುವ ಹೈಬ್ರಿಡ್‌ನ ಬೀಜವನ್ನು ಎತ್ತಿಟ್ಟು ಬಿತ್ತಿದರೆ, ಮೆಂಡೆಲ್‌ನ ಅದೇ ಮೂರಕ್ಕೊಂದರ ಲೆಕ್ಕದಲ್ಲಿ, ಕಾಲು ಭಾಗದಷ್ಟು ಗಿಡಗಳು ಹುಳುವಿಗೆ ಬರಿಮೈಯಲ್ಲಿ ಸಿಗುತ್ತವೆ. ಗುಲಾಬಿ ಕಾಯಿಕೊರಕ ಬಿಟಿಯನ್ನೇ ಜೀರ್ಣಿಸಿಕೊಳ್ಳುವಂತಾದದ್ದು ಇನ್ನೊಂದು ಕಥೆ.

ಕಾಲುವೆಯ ಭತ್ತಕ್ಕೆ ಬಂದರೆ ಚಿತ್ರ ತಿರುವುಮುರುವು. ಸೋನಾ ಮಸೂರಿ ಎಂಬ ಹೆಸರಿನಡಿ ಪೇಟೆಗೆ ಬರುವ ಸಣ್ಣಕ್ಕಿಯ ತಳಿಗಳಲ್ಲಿ ಪ್ರಸಿದ್ಧವಾದ ‘ಬಿಪಿಟಿ 5204’ ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದದ್ದು. ಅದರ ಪೂರ್ವಿಕರಲ್ಲಿ ಮೂರು ಬೇರೆ ಬೇರೆ ತಳಿಗಳಿವೆ, ಅಂದರೆ ಅದೂ ಕೂಡಿಕೆಯಿಂದಲೇ ಹುಟ್ಟಿದ್ದು. ಆದರೆ ಕೂಡಿಸಿದ ಮೇಲೆ ಹಲವು ಪೀಳಿಗೆಗಳ ಕಾಲ ಆರಿಸಿ ಆರಿಸಿ ಬೆಳೆದು, ಗುಣಗಳು ಚದುರುವುದು ನಿಂತು ಸ್ಥಿರವಾದ ಮೇಲೆಯೇ ಅದನ್ನು ರೈತರ ಕೈಗೆ ಕೊಟ್ಟರು. ಹೀಗೆ ಸ್ಥಿರವಾದದ್ದನ್ನು ತಳಿವಿಜ್ಞಾನ ‘ತಳಿ’ ಎನ್ನುತ್ತದೆಯೇ ಹೊರತು ಹೈಬ್ರಿಡ್ ಎನ್ನುವುದಿಲ್ಲ. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ, ಬೇರೆ ತಳಿಯ ಕಾಳು ಬೆರೆಯದಂತೆ ಕಣದಲ್ಲಿ ಎಚ್ಚರವಹಿಸಿದರೆ ಅದರ ಬೀಜ ಮುಂದಿನ ವರ್ಷವೂ ಅದೇ ಬೆಳೆಯನ್ನು ಕೊಡುತ್ತದೆ. ಮಂಡ್ಯದಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ‘ಕೆಆರ್‌ಎಚ್-2’ ನಿಜಾರ್ಥದ ಹೈಬ್ರಿಡ್ ಭತ್ತ. ಅದರ ಬೀಜವನ್ನು ಎತ್ತಿಡುವಂತಿಲ್ಲ. ಹಿಂಗಾರಿ ಜೋಳದಲ್ಲಿ ಹೆಸರಾದ ‘ಎಂ 35-1’, ಜನರ ಬಾಯಲ್ಲಿ ಮಾಲ್ದಂಡಿ, ಹೈಬ್ರಿಡ್ ಅಲ್ಲ, ಮಾಲ್ದಂಡಿ ಎಂಬ ನಾಟಿ ಜೋಳದಿಂದಲೇ ಆರಿಸಿ ತೆಗೆದ ತಳಿ. ಜವಾರಿ ಎಂದು ಜನ ಮೆಚ್ಚುವ ಇದೂ ಸಂಶೋಧನಾ ಕೇಂದ್ರದ ಕೂಸೇ ಎಂಬುದು ಜವಾರಿ-ಹೈಬ್ರಿಡ್ ಎಂಬ ಎರಡೇ ಗೂಡುಗಳ ವಿಂಗಡಣೆ ಎಷ್ಟು ಸಾಲದು ಎಂಬುದಕ್ಕೆ ಸಾಕ್ಷಿ.

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಅಂಗೀಕಾರವಾದಾಗ, ಅದರ 39ನೆಯ ಕಲಮು ಸಂರಕ್ಷಿತ ತಳಿಯೂ ಸೇರಿದಂತೆ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಮರುಬಿತ್ತುವ, ನೆರೆಯವರೊಡನೆ ವಿನಿಮಯ ಮಾಡುವ, ಬ್ರ್ಯಾಂಡಿನ ಹೆಸರು ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿತು. ಈ ಹಕ್ಕು ತಳಿಗೆ ಕೆಲಸಕ್ಕೆ ಬರುತ್ತದೆ. ಹೈಬ್ರಿಡ್‌ಗೆ ಕಾಗದದ ಮೇಲೆ ಉಳಿಯುತ್ತದೆ, ಏಕೆಂದರೆ ಕಾನೂನು ತಡೆಯದಿದ್ದರೂ ವಂಶವಾಹಿಗಳ ಲೆಕ್ಕ ತಡೆಯುತ್ತದೆ. ಹೀಗಿರುವಾಗ, ಮುಂದಿನ ವರ್ಷಕ್ಕೆ ಬೀಜ ಎತ್ತಿಡಬಹುದೋ ಇಲ್ಲವೋ ಎಂಬ ಒಂದೇ ಒಂದು ಸಾಲನ್ನು ಪ್ರತಿಯೊಂದು ಬೀಜದ ಪಾಕೀಟಿನ ಮೇಲೂ ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸುವುದನ್ನು ಕೃಷಿ ಇಲಾಖೆ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಬೀಜ ಕೊಳ್ಳುವವರು ಅಂಗಡಿಯ ಕಟ್ಟೆಯ ಮೇಲೆ ಇಳುವರಿಯ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಇದು ತಳಿಯೋ ಹೈಬ್ರಿಡ್ಡೋ ಎಂಬುದನ್ನು.